ಎಡಗೈ ಗಾಡಿ

ಬೆಟಗೇರಿ ರೈಲ್ವೆ ಗೇಟಿನ ಹಂತ್ಯಾಕ ನನ್ನ ಶೆಡ್ಡು.
ಮೂವತ್ತು ವರ್ಷದಾಗ ಎಷ್ಟು ಗಾಡಿ ಬೆಸದೀನೋ ಲೆಕ್ಕ ಇಟ್ಟಿಲ್ಲ.
ಎಲ್ಲಾದಕ್ಕೂ ಒಂದ ಅಳತಿ:
ಆರು ಫೂಟು ಉದ್ದ, ಮೂರು ಅಗಲ,
ಎತ್ತರ ಟೊಂಕಕ್ಕ ಸರಿಯಾಗಿ.
ಯಾರ ಟೊಂಕಕ್ಕ ಅಂತ
ಒಬ್ಬರೂ ಕೇಳಿದ್ದಿಲ್ಲ.
ನಾನೂ ಕೇಳಿಕೊಂಡಿದ್ದಿಲ್ಲ.

ಶಾವಂತ್ರೆವ್ವ ಬಾರಕೇರ ಮಿರ್ಚಿ ಗಾಡಿ ಒಯ್ದು ವರ್ಷ ಆಗಿತ್ತು.
ಹೋದ ಬುಧವಾರ ತಿರುಗಿ ದಬ್ಬಿಕೊಂಡು ಬಂದಳು,
ಒಂದು ಗಾಲಿ ಡುಗುಡುಗು.
"ಬೇರಿಂಗ್ ಹೋಗೇತಿ ಮಕ್ತುಮಣ್ಣಾ, ಸಂಜಿಕೆ ಬೇಕು,
ಹಿಟ್ಟು ತಂದು ಇಟ್ಟೇನಿ."

ಮಗಚಿ ಹಾಕಿದೆ.
ನಾ ಮಾಡಿದ ಗಾಡಿ ಅಲ್ಲ ಇದು!
ಹಿಡಿಕಿಗೆ ಹಳೀ ಸೀರಿ ಸೆರಗು ಬಿಗಿದು ಸುತ್ಯಾಳ
(ಬ್ಯಾಸಗಿ ಮಧ್ಯಾನ ನನ್ನ ಪೈಪು
ರೊಟ್ಟಿ ಹಂಚಿನಂಗ ಕಾಯ್ತಿರಬೇಕು).
ಒಲಿ ಸುತ್ತ ಎಣ್ಣಿ ಡಬ್ಬಿ ಸೀಳಿ ತಗಡು ಕಟ್ಟ್ಯಾಳ.
ಕಪ್ಪತಗುಡ್ಡದ ಗಾಳಿ ದೊಡ್ಡ ಪಂಖಾ ತಿರುವಿ
ಊರೂರಿಗೆ ಕರೆಂಟು ಕೊಡತೈತಿ,
ಈಕಿ ಒಲಿ ಮಾತ್ರ ಆರಸತೈತಿ.
ಒಲಿಗೆ ದೂರದ ತುದ್ಯಾಗ, ಕೆಳಗ, ಹಗ್ಗದ ಜೋಳಿಗಿ,
ಅದರಾಗ ಕೂಸಿನದೊಂದು ಕುಲಾಯಿ ಉಳದಿತ್ತು.
ಮತ್ತ ಮುಂದಿನ ಬೋರ್ಡು,
ಪೇಂಟರ್ ಕಡೆ ಚಂದಾಗಿ ಬರಸಿ ಕೊಟ್ಟಿದ್ದ ಹೆಸರು,
ಕಡ್ಲಿ ಹಿಟ್ಟು, ಎಣ್ಣಿ ಜಿಡ್ಡಿನ ಒಳಗ ಮುಳುಗಿ ಹೋಗಿತ್ತು.

ಎಲ್ಲಾ ಕಿತ್ತು ಒಗದು
ಬಣ್ಣ ಬಡದು ಹೊಸಾದು ಮಾಡೂಣಂತ
ಕಟ್ಟರ್ ಕೈಯಾಗ ಹಿಡದಿದ್ದೆ.
ಚಾ ಬಂತು. ಇಟ್ಟೆ.
ಚಾ ಕುಡಕೋಂತ ಕುಂತಾಗ ಕಾಣಾಕ ಹತ್ತಿತು
ನಾ ಎಲ್ಲೆಲ್ಲಿ ತಪ್ಪೇನಿ
ಅಲ್ಲಲ್ಲೆ ಆಕಿ ತ್ಯಾಪಿ ಹಚ್ಚ್ಯಾಳ.
ಜಗಳಾ ತಗದಿದ್ದಿಲ್ಲ, ರೊಕ್ಕ ಮುರಕೊಂಡಿದ್ದಿಲ್ಲ.
ಆದರ ಆ ಬೋರ್ಡಿನ ಜಿಡ್ಡು?
ಅದೊಂದು ತಿಳೀಲಿಲ್ಲ.

ಸಂಜೀಕ ನಾನ ದಬ್ಬಿಕೊಂಡು ಹೊಂಟೆ, ಮುಳಗುಂದ ನಾಕಾ ತನಕ.
(ಖಾಲಿ ಗಾಡಿ! ಆದರೂ ರಟ್ಟಿ ಹಿಡಕೊಂಡುವು.)
ಆಕಿ ಗಾಡೀನ ಪೂರಾ ತಿರುವಿ ನಿಲ್ಲಿಸಿದಳು,
ಗಾಲಿಗೆ ಎರಡು ಕಲ್ಲು ಕೊಟ್ಟಳು.
ಬೋರ್ಡಿನ ಮಾರಿ ಗ್ವಾಡಿಗೆ,
ಪ್ಲೇಟ್ ಇಡೂ ಹಲಿಗಿ ಗಿರಾಕಿ ಕಡೆ.
ಗಿರಾಕಿ ಕಾಲ ನಡುವ ಬಗ್ಗಿ ಒಂದೊಂದ ಪ್ಲೇಟ್ ತಗೀತಾಳ.

"ಇದೇನು, ಉಲ್ಟಾ?"
ಮಾತಾಡಲಿಲ್ಲ, ಝಾರಾ ಎತ್ತಿ ತೋರಿಸಿದಳು.
ಎಡಗೈಯಾಗ ಇತ್ತು.
"ಎಡಚಿ ಅದೇನಣ್ಣಾ. ನಿನ್ನ ಒಲಿ ಬಲಕ್ಕೈತಿ."
"ಮಾಡಿಸುವಾಗ ಹೇಳಬಾರದ?"
"ನೀ ಕೇಳಿದ್ದು ಬಣ್ಣ ಯಾವದು ಅಂತ.
ಹಸರು ಅಂದೆ."

ಅವತ್ತ ನಾಲ್ಕು ಮಿರ್ಚಿ ತಿಂದೆ,
ಕಣ್ಣಾಗ ನೀರು ಬಂದಿದ್ದು ಖಾರಕ್ಕಂತ ಹೇಳಿದೆ.
ಹತ್ತರ ತನಕ ಅಲ್ಲೇ ನಿಂತೆ, ಟೇಪು ಕಿಸೇದಾಗ,
ಕಣ್ಣಿಲೇ ಅಳದೆ:
ಎಷ್ಟು ಸರ್ತಿ ಬಗ್ಗತಾಳ, ಯಾವ ಕಾಲ ಮ್ಯಾಲೆ ಭಾರ ಹಾಕತಾಳ,
ಕೂಸು ಅತ್ತರ ಎಷ್ಟು ಹೆಜ್ಜಿ.

ಆಮ್ಯಾಲೆ ಮೂರು ದಿನಾ ಬ್ಯಾರೆ ಕೆಲಸ ಹಿಡೀಲಿಲ್ಲ.
ಒಲಿ ಕತ್ತರಿಸಿ ಎಡಕ್ಕ ಹಚ್ಚಿದೆ,
ಕಾಲು ನಾಕು ಇಂಚು ಮೋಟ ಮಾಡಿದೆ,
ಹಿಡಿಕಿಗೆ ಬೇವಿನ ಕಟಿಗಿ,
ಗಾಳಿಗೆ ಮಡಚೂ ತಗಡು,
ಜೋಳಿಗಿಗೆ ಎರಡು ಗಟ್ಟಿ ಕೊಕ್ಕಿ.
ಇನ್ನ ಒಂದು, ಯಾರೂ ಕೇಳದ್ದು, ನನ್ನ ತಲಿಗೆ ಹೊಳದದ್ದು:
ರೊಕ್ಕ ಇಡಾಕ ಒಂದು ಖಾನಿ,
ಅದಕ್ಕ ಹಿತ್ತಾಳಿ ಕೀಲಿ.
ಖರೇ ಹೇಳತೇನಿ, ಎಲ್ಲಾಕಿಂತ ಆ ಖಾನಿ ಮ್ಯಾಲೆ
ನನಗ ಭಾಳ ಅಭಿಮಾನ.

ಮೊನ್ನೆ ಹೋಗಿದ್ದೆ.
ಬೋರ್ಡು ರಸ್ತಾಕ್ಕ ಮಾರಿ ಮಾಡಿತ್ತು, ಹಸರು, ಸ್ವಚ್ಛ.
ರೊಕ್ಕ ಮಾತ್ರ ಟೊಂಕದ ಸಂಚ್ಯಾಗ, ಮೊದಲಿನಂಗ.
ಖಾನ್ಯಾಗ ಕೊತ್ತಂಬರಿ,
ಅರ್ಧ ಪುಡಿಕಿ ಬಿಸ್ಕೀಟು,
ಯಾರೋ ಗಿರಾಕಿ ಮರತು ಹೋದ ಚಾಳೀಸು.
"ಕೀಲಿ ಎಲ್ಲೈತೆ?" ಅಂದೆ,
ಮಾರಿ ಸಣ್ಣದಾಗಿತ್ತೋ ಏನೋ.

"ಕೂಸಿನ ಉಡದಾರದಾಗ," ಅಂದಳು, ಮಿರ್ಚಿ ತಿರುವಿಕೋಂತ,
"ಛಲೋ ಸಪ್ಪಳ ಮಾಡತೈತಿ ಅಣ್ಣಾ.
ಎಲ್ಲಿ ಅಂಬೆಗಾಲಿಟ್ಟರೂ
ನನಗ ಕೇಳತೈತಿ."